ಹಾಡಿದವರಿಗೆ ಕಾನೂನಿನಲ್ಲೊಂದು ಜಾಗ



ಇರುವ ಹೊತ್ತಿನಲ್ಲಿ ಒಂದೇ ವಿಷಯ ಹೇಳುತ್ತೇನೆ. ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿನಲ್ಲಿ ಎಂಬತ್ತು ವರ್ಷ ಹಾಡುವವರಿಗೆ ಹಾಡುವವರೆಂಬ ಕಾರಣಕ್ಕೆ ಯಾವ ಹಕ್ಕೂ ಇರಲಿಲ್ಲ. ಅದು ಹೇಗಾಯಿತೆಂದು ತಿಳಿಯಬೇಕಾದರೆ ವಸಾಹತು ಕಾಲಕ್ಕೇ ಹೋಗಬೇಕು.

ಲಂಡನ್ನಿನ ಪಾರ್ಲಿಮೆಂಟು 1911ರಲ್ಲಿ ಮಾಡಿಕೊಂಡ ಕಾಯ್ದೆಯನ್ನು ಅಲ್ಪಸ್ವಲ್ಪ ತಿದ್ದಿ 1914ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ತಂದರು. ಆಗ ಇಲ್ಲಿ ಬಾನುಲಿ ಇರಲಿಲ್ಲ, ಗ್ರಾಮಫೋನ್ ಇತ್ತು. ಧ್ವನಿಮುದ್ರಿಕೆಯ ಕರ್ತೃ ಯಾರು? ಮೂಲ ತಟ್ಟೆ ತಯಾರಾದಾಗ ಅದು ಯಾರ ಸ್ವತ್ತೋ ಅವರೇ ಎಂದಿತು ಕಾನೂನು. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಯ್ದೆಯ ಲೆಕ್ಕದಲ್ಲಿ ಅಂಥವರ ಕಂಠಕ್ಕೆ ಒಡೆತನವಿಲ್ಲ. ಒಡೆತನವೆಲ್ಲ ಕಂಪನಿಯ ತಟ್ಟೆಗೆ. ನನಗೆ ಇದು ಇವತ್ತಿಗೂ ಸಹಿಸಲಾಗದ ಅನ್ಯಾಯ.

1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಪ್ರಸಾರ ಶುರುವಾಯಿತು. ಖಾಸಗಿ ಕಂಪನಿ, ಸರ್ಕಾರದ ಪರವಾನಗಿ. ಕೇಳುಗ ವರ್ಷಕ್ಕೆ ಕಟ್ಟುವ ಹತ್ತು ರೂಪಾಯಿಯಲ್ಲಿ ಎಂಟು ಕಂಪನಿಗೆ, ಉಳಿದದ್ದು ಸರ್ಕಾರಕ್ಕೆ. ಚೌಕಾಶಿ ನಡೆದದ್ದು ಈ ಇಬ್ಬರ ನಡುವೆ. ಕಂಪನಿ ಮೂರು ವರ್ಷವೂ ಬಾಳಲಿಲ್ಲ. 1930ರ ಏಪ್ರಿಲ್‌ನಲ್ಲಿ ಸರ್ಕಾರವೇ ಪ್ರಸಾರಕ್ಕೆ ಇಳಿಯಿತು, 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರಾಯಿತು. ಅಲ್ಲಿಗೆ ಕಾನೂನು ಮಾಡುವವರೂ ಹಾಡಿಸುವವರೂ ಒಬ್ಬರೇ ಆದರು. ತಮ್ಮೊಡನೆ ತಾವೇ ಮಾಡಿಕೊಳ್ಳುವ ಮಾತುಕತೆಯಲ್ಲಿ ಮೂರನೆಯವರಾದ ಹಾಡುವವರ ಅಹವಾಲು ಕೇಳುವವರು ಯಾರು?

ಮೈಸೂರು ಸಂಸ್ಥಾನದ ಮಾತು ಬೇರೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ, ಮೂವತ್ತು ವಾಟಿನ ಪ್ರೇಷಕವಿಟ್ಟುಕೊಂಡು ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಲಾಭವನ್ನೂ ನೆಚ್ಚದೆ ಅಧಿಕಾರವನ್ನೂ ನೆಚ್ಚದೆ ಬಾನುಲಿ ಹುಟ್ಟಬಲ್ಲದು ಎಂಬುದಕ್ಕೆ ನಮ್ಮ ಮನೆಯಂಗಳದ ಸಾಕ್ಷಿ ಅದು.

ಹಾಡುವವರ ಪಾಡು ಸ್ವಾತಂತ್ರ್ಯ ಬಂದ ಮೇಲಾದರೂ ಸರಿಹೋಯಿತೇ? 1957ರಲ್ಲಿ ನಮ್ಮದೇ ಕೃತಿಸ್ವಾಮ್ಯ ಕಾಯ್ದೆ ಬಂತು. ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ ಇಪ್ಪತ್ತೈದು ವರ್ಷದ ಪ್ರತ್ಯೇಕ ಹಕ್ಕನ್ನು ಅದು ಕೊಟ್ಟಿತು. ಹಾಡಿದವರಿಗೆ ಏನೂ ಕೊಡಲಿಲ್ಲ. ಸಾಲದ್ದಕ್ಕೆ, ಸಂಗೀತ ಕೃತಿಯೆಂದರೆ ಅಚ್ಚಾಗಿರಬೇಕು ಇಲ್ಲವೇ ಬರಹಕ್ಕಿಳಿದಿರಬೇಕು ಎಂದಿತು. ಸ್ವರಲಿಪಿ ಬರೆದಿಟ್ಟು ಸಂಗೀತ ಕಟ್ಟುವ ಯುರೋಪಿಗೆ ಹೊಂದುವ ಮಾತು ಅದು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಧಾಟಿ, ಕಛೇರಿಯಲ್ಲಿ ಆ ಕ್ಷಣಕ್ಕೆ ಹರಿದ ಆಲಾಪನೆ, ಭಜನೆ ಮನೆಯಲ್ಲಿ ಬಾಯಿಂದ ಬಾಯಿಗೆ ದಾಟಿದ ತತ್ವಪದದ ಮಟ್ಟು ಯಾವ ಕಾಗದದ ಮೇಲಿತ್ತು? ಈ ವ್ಯಾಖ್ಯೆ ತಿದ್ದುಪಡಿಯಾಗಿದ್ದು 1994ರಲ್ಲಿ. ಪ್ರದರ್ಶಕ ಕಲಾವಿದರ ಹಕ್ಕು ಕಾನೂನಿಗೆ ಬಂದದ್ದೂ ಅದೇ ತಿದ್ದುಪಡಿಯಲ್ಲಿ.

2012ರ ತಿದ್ದುಪಡಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಬಾನುಲಿ ಕೇಂದ್ರ ಮುಂಚಿತವಾಗಿ ನೋಟಿಸ್ ಕೊಟ್ಟು, ನಿಗದಿಯಾದ ರಾಯಧನ ಕಟ್ಟಿ, ಪ್ರಕಟಿತ ಹಾಡನ್ನು ಪ್ರಸಾರ ಮಾಡಬಹುದು. ಇದಕ್ಕೆ ಅವಕಾಶ ಕೊಡುವ 31ಡಿ ಕಲಮಿನಲ್ಲೇ ಇನ್ನೊಂದು ಷರತ್ತಿದೆ, ದಯವಿಟ್ಟು ಗಮನಿಸಿ: ಕರ್ತೃಗಳ ಮತ್ತು ಮುಖ್ಯ ಕಲಾವಿದರ ಹೆಸರನ್ನು ಪ್ರಸಾರದೊಂದಿಗೆ ಹೇಳಬೇಕು. ರಾಯಧನದ ದರದ ಬಗ್ಗೆ ನ್ಯಾಯಾಲಯಗಳವರೆಗೆ ಹೋಗಿ ಹೋರಾಡುವ ಉದ್ಯಮ ಈ ಷರತ್ತಿಗೂ ಅಷ್ಟೇ ಗೌರವ ಕೊಡಬೇಕು. ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು ಎಂದು ಹೇಳಲು ಹತ್ತು ಸೆಕೆಂಡು ಸಾಕು.

ಮಧ್ಯಾಹ್ನದ ಗೋಷ್ಠಿಯಲ್ಲಿ ಎರಡು ಠರಾವು ಮಂಡಿಸುತ್ತೇನೆ. ಖಾಸಗಿ ಎಫ್‌ಎಂ ಇರಲಿ, ಸಮುದಾಯ ಬಾನುಲಿಯಿರಲಿ, ಹೆಸರು ಹೇಳದೆ ಹಾಡು ಹಾಕಬಾರದು ಎಂಬುದು ಒಂದು. ಬಾನುಲಿ ಭಂಡಾರಗಳಲ್ಲಿರುವ ಕನ್ನಡದ ಹಳೆಯ ಧ್ವನಿಮುದ್ರಣಗಳಲ್ಲಿ ಹಾಡಿದವರ, ಪಕ್ಕವಾದ್ಯ ನುಡಿಸಿದವರ, ಸೋಬಾನೆಗೆ ದನಿಗೂಡಿಸಿದ ಹೆಣ್ಣುಮಕ್ಕಳ ಹೆಸರು, ಊರುಗಳನ್ನು ಅವರ ಸಮಕಾಲೀನರು ಬದುಕಿರುವಾಗಲೇ ಕೇಳಿ ದಾಖಲಿಸಬೇಕು, ಮರುಬಳಕೆಯಾದರೆ ಸಂಭಾವನೆಯನ್ನು ಅವರಿಗೋ ಅವರ ಮನೆಯವರಿಗೋ ಮುಟ್ಟಿಸಬೇಕು ಎಂಬುದು ಇನ್ನೊಂದು. ಎರಡನ್ನೂ ಚರ್ಚಿಸಿ, ಬೇಕಾದಲ್ಲಿ ತಿದ್ದಿ, ಅನುಮೋದಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.