ಕಾನಾದ ಮದುವೆ ಮತ್ತು ನಮ್ಮ ಅಂಗಳದ ಚಪ್ಪರ

(ಡಿಸೆಂಬರ್ 27: ಶುಭಸಂದೇಶಕಾರ ಸಂತ ಯೊವಾನ್ನರ ಹಬ್ಬದ ಪ್ರಬೋಧನೆ, ಶಂಕರಪುರ)



ಕಾನಾ ಊರಿನ ಮದುವೆಯ ವೃತ್ತಾಂತವನ್ನು ನಾಲ್ವರು ಶುಭಸಂದೇಶಕಾರರಲ್ಲಿ ನಮಗೆ ತಿಳಿಸಿದವರು ಸಂತ ಯೊವಾನ್ನರೊಬ್ಬರೇ. ಆಗಮನ ಕಾಲ ಮುಗಿಯಿತು. ಇನ್ನು ನಮ್ಮ ಮನೆಗಳಲ್ಲೂ ಮದುವೆಯ ಮಾತು. ಎಪ್ರಿಲ್, ಮೇ ತಿಂಗಳಿಗೆ ದಿನ ನಿಗದಿ ಮಾಡಿ, ಅಂಗಳದಲ್ಲಿ ರೋಸ್, ಮೈದಾನದಲ್ಲಿ ಔತಣ ಎಂದು ಯೋಚಿಸುವವರು ಇಲ್ಲಿದ್ದೀರಿ. ಹಬ್ಬದ ದಿನ ಮಳೆಯ ಮಾತೆತ್ತಿದರೆ ಅಪಶಕುನ ಎಂದುಕೊಳ್ಳಬೇಡಿ.

ಹಿಂದೊಮ್ಮೆ ಮದುವೆ ಮನೆಯವರು ಮೋಡ ಕಂಡು ನಮ್ಮನ್ನು ಕೇಳಿದಾಗ, "ಜಪಸರ ಮಾಡಿ, ಮಳೆ ಬರಲಿಕ್ಕಿಲ್ಲ" ಎಂದುಬಿಟ್ಟೆವು. ರೋಸ್ ನಡೆಯುತ್ತಿದ್ದಾಗಲೇ ಗುಡುಗು ಸಹಿತ ಮಳೆ ಸುರಿಯಿತು. ಶಾಮಿಯಾನ ನೀರು ತುಂಬಿ ಜೋತುಬಿತ್ತು, ದೀಪಗಳು ಆರಿದವು. ಅಜ್ಜಿಯೊಬ್ಬರು ನೆನೆದು ನಡುಗುತ್ತ ನಿಂತಿದ್ದರು. ಪಕ್ಕದ ಹಿಂದೂ ಕುಟುಂಬ ಚಾವಡಿ ತೆರೆದು ಎಲ್ಲರನ್ನೂ ಒಳಗೆ ಕರೆಯಿತು. ಮದುಮಗಳ ತಾಯಿ ನಮ್ಮತ್ತ ನೋಡಿದ ನೋಟವನ್ನು ನಾವು ಮರೆತಿಲ್ಲ. ವಿಶ್ವಾಸದ ಹೆಸರಿನಲ್ಲಿ ನಾವು ಕೊಟ್ಟದ್ದು ಉಡಾಫೆಯ ಸಲಹೆ.

ಕಾನಾದಲ್ಲಿ ಏನಾಯಿತು? ಮಾತೆ ಮರಿಯಮ್ಮನವರು ಕೊರತೆಯನ್ನು ಮೊದಲೇ ಗಮನಿಸಿದರು. ಯೇಸುಸ್ವಾಮಿ ಅದ್ಭುತಕ್ಕೆ ಮುನ್ನ ಆರು ಕಲ್ಲಿನ ಬಾನೆಗಳನ್ನು ಕಂಠದವರೆಗೆ ತುಂಬಿಸಿದರು. ಒಂದೊಂದರಲ್ಲಿ ಸುಮಾರು 100 ಲೀಟರ್ ನೀರು. ಅದನ್ನು ಹೊತ್ತವರು ಮನುಷ್ಯರೇ. ವಿವೇಕವೂ ಒಂದು ಸದ್ಗುಣವೆಂದು ಧರ್ಮಸಭೆ ಕಲಿಸುತ್ತದೆ.

ನಮ್ಮ ಮಲ್ಲಿಗೆ ಬೆಳೆಗಾರರಿಗೆ ಇದು ಗೊತ್ತು. ಒಂದು ಚೆಂಡಿಗೆ 800, ಒಂದು ಅಟ್ಟೆಗೆ 3,200 ಹೂ ಕಟ್ಟುವ ಕೈಗಳು ಬೆಳಿಗ್ಗೆ ಮೊಗ್ಗು ಕೊಯ್ಯುವಾಗಲೇ ಕಣ್ಣು ಆಕಾಶದ ಮೇಲಿರುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ನಡುಗಿಸಿದ್ದು ನೆನಪಿದೆಯಲ್ಲವೇ?

ಆದ್ದರಿಂದ ದಿನ ಗೊತ್ತುಮಾಡುವಾಗಲೇ ಮಾಡು ಇರುವ ಎರಡನೆಯ ಜಾಗವನ್ನೂ ಗೊತ್ತುಮಾಡಿ. ಸ್ಥಳ ಬದಲಿಸುವ ತೀರ್ಮಾನವನ್ನು ಯಾರು, ಎಷ್ಟು ಹೊತ್ತಿಗೆ ಮಾಡಬೇಕೆಂದು ಎರಡೂ ಮನೆಯವರು ಕೂತು ನಿರ್ಧರಿಸಿ. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಸಾಧ್ಯತೆ; ಅದನ್ನು ಬಟ್ಟೆಯ ಚಪ್ಪರ ತಡೆಯದು. ಚಪ್ಪರಕ್ಕೆ ಇಳಿಜಾರು ಇರಲಿ, ಸುತ್ತ ನೀರು ಹರಿಯಲು ಕಣಿ ಇರಲಿ, ವಿದ್ಯುತ್ ತಂತಿ ನೆಲದ ಮೇಲೆ ಬೇಡ. ಗುಡುಗು ಕೇಳಿಸಿದರೆ ಎಲ್ಲರೂ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಫೋಟೋ ಕಾಯಲಿ, ಜೀವ ದೊಡ್ಡದು.

ಎರಡು ಕಡೆ ಬಾಡಿಗೆ ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ಗುರಿಕಾರರೇ, ನಿಮ್ಮ ವಾರ್ಡಿನಲ್ಲಿ ಮದುವೆಯಿದ್ದಾಗ ಹತ್ತಿರದ ನಾಲ್ಕು ಮನೆಗಳ ಚಾವಡಿ ತೆರೆದಿಡಿಸಿ. ಅಂದು ನೆರೆಯವರು ಕರೆಯದೆಯೇ ಬಂದು ಮಾಡಿದ್ದನ್ನು ನಾವು ಹೇಳಿಸಿಕೊಂಡಾದರೂ ಮಾಡೋಣ.

ಪ್ರಾರ್ಥನೆ ಮಾಡೋಣ, ಬಾನೆಯನ್ನೂ ತುಂಬಿಸೋಣ. ಉಳಿದದ್ದನ್ನು ಪ್ರಭು ನೋಡಿಕೊಳ್ಳುವರು. ಆಮೆನ್.