ಒಂದು ವರ್ಷದ ಪರವಾನಗಿ, ಮೂರು ತಲೆಮಾರಿನ ಹೊಲ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳ್ಳಿಹಬ್ಬದ ಸಭೆಯಲ್ಲಿ ಬೆಳೆಸಾಲ, ಗೊಬ್ಬರ, ಡಿವಿಡೆಂಡು ಬಿಟ್ಟು ಪರದೇಶದ ಮಾತು ಯಾಕ್ರಿ ಅಂತ ಹಿರಿಯರು ಕೇಳಬಹುದು. ಕಾರಣ ಇದೆ. ಮೊದಲು ನಮ್ಮ ಹುಡುಗರು ಓದಲಿಕ್ಕೆ ಹೋಗುತ್ತಿದ್ದರು, ನೌಕರಿಗೆ ಹೋಗುತ್ತಿದ್ದರು. ಈಗ ‘ಸ್ಟಾರ್ಟ್‌ಅಪ್ ವೀಸಾ’ದ ಮೇಲೆ ಹೋಗಿ ಅಲ್ಲೇ ಸ್ವಂತ ಕಂಪನಿ ಕಟ್ಟುತ್ತೇವೆ ಅನ್ನುತ್ತಾರೆ. ಅದು ಸಂತೋಷದ ಮಾತೇ. ಆದರೆ ಅದಕ್ಕಾಗಿ ಅಪ್ಪನ ಹೊಲದ ಉತಾರದಲ್ಲಿ ಬೋಜಾ ಕೂರಬೇಕು ಅಂದಾಗ, ನಾವು ನೀವು ಕೂತು ವಿಚಾರ ಮಾಡಬೇಕಾಗುತ್ತದೆ.

ಇಂಥ ಪರವಾನಗಿ ಕೊಡುವ ದೇಶ ಹಲವು. ನಾವು ಇಲ್ಲಿ ನೆದರ್‌ಲ್ಯಾಂಡ್ಸ್ ಒಂದನ್ನೇ ತೆಗೆದುಕೊಳ್ಳುತ್ತೇವೆ. ಅದು ಒಕ್ಕಲುತನದ ದೇಶ, ವಿಸ್ತೀರ್ಣ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ. ವಾಗೆನಿಂಗೆನ್ ಕೃಷಿ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ. ಆಲ್ಸ್‌ಮೇರ್ ಊರಿನ ಹೂವಿನ ಹರಾಜು ಮಾರುಕಟ್ಟೆ ಬೆಳೆಗಾರರದೇ ಸಹಕಾರಿ ಸಂಸ್ಥೆ. ಅಲ್ಲಿ ಹರಾಜು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಗಡಿಯಾರದ ಮುಳ್ಳು ಇಳಿಯುವಾಗ ಮೊದಲು ಗುಂಡಿ ಒತ್ತಿದವನಿಗೆ ಮಾಲು. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರ ಅನುಸರಿಸಿದ್ದೂ ಇದೇ ಪದ್ಧತಿಯನ್ನು. ಅಲ್ಲಿನ ರಾಬೋಬ್ಯಾಂಕ್ ಕೂಡ ರೈತರ ಪತ್ತಿನ ಸಂಘಗಳಿಂದ ಬೆಳೆದ ಬ್ಯಾಂಕು. ಅದರ ಹೆಸರಿನ ‘ರಾ’ ಅಂದರೆ ರೈಫೈಸನ್, ಹಳ್ಳಿಗರ ಪತ್ತಿನ ಸಂಘಗಳಿಗೆ ದಾರಿ ಹಾಕಿಕೊಟ್ಟ ಜರ್ಮನಿಯ ಮಹನೀಯ. ನಮ್ಮ 1904ರ ಸಹಕಾರ ಕಾಯಿದೆಗೂ ಅದೇ ಬೇರು. ಮರುವರ್ಷ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಹೀಗಾಗಿ ಆ ದೇಶ ನಮಗೆ ಪೂರ್ತಿ ಪರಕೀಯವೇನಲ್ಲ.

ಈಗ ಪರವಾನಗಿಗೆ ಬರೋಣ. ಇದು ಜಾರಿಗೆ ಬಂದದ್ದು 2015ರ ಜನವರಿ 1ರಂದು. ಅವಧಿ ಒಂದೇ ವರ್ಷ. ಉದ್ಯಮ ಹೊಸ ಬಗೆಯದಾಗಿರಬೇಕು. ಇಲ್ಲಿ ಮಾಡುವ ಚಹಾದಂಗಡಿಯನ್ನು ಅಲ್ಲಿ ಇಡುತ್ತೇನೆ ಅಂದರೆ ನಡೆಯುವುದಿಲ್ಲ. ಹಂತಹಂತವಾಗಿ ಏನು ಮಾಡುತ್ತೇನೆ ಎಂಬ ಯೋಜನೆ ಬರೆದು ಕೊಡಬೇಕು. ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಆಗಬೇಕು. ಅದಕ್ಕೂ ಕೆವಿಕೆ ಅಂತಲೇ ಹೆಸರು. ನಮ್ಮ ಕೃಷಿ ವಿಜ್ಞಾನ ಕೇಂದ್ರ ಅಂದುಕೊಂಡು ಗೊಬ್ಬರ ಕೇಳಬೇಡಿ! ಒಂದು ವರ್ಷ ಉಣ್ಣಲು, ಇರಲು ಸಾಕಾಗುವಷ್ಟು ಹಣ ತೋರಿಸಬೇಕು. ಆ ಮೊತ್ತವನ್ನು ವಲಸೆ ಇಲಾಖೆ ವರ್ಷಕ್ಕೆ ಎರಡು ಸಲ ಬದಲಿಸುತ್ತದೆ, ಆದ್ದರಿಂದ ಯಾರೋ ಬರೆದುಕೊಟ್ಟ ಹಳೆಯ ಅಂಕಿ ನಂಬಬಾರದು.

ಮುಖ್ಯವಾದದ್ದು ಮುಂದಿನ ಷರತ್ತು. ಆ ದೇಶದಲ್ಲೇ ನೆಲೆಸಿದ, ಅನುಭವವಿರುವ ಒಬ್ಬ ಮಾರ್ಗದರ್ಶಕ ಸಂಸ್ಥೆಯವರು ಹುಡುಗನ ಕೈ ಹಿಡಿಯಬೇಕು. ಅವರೊಂದಿಗೆ ಸಹಿ ಮಾಡಿದ ಕರಾರುಪತ್ರ ಇಲ್ಲದೆ ಅರ್ಜಿಗೆ ಬೆಲೆ ಇಲ್ಲ. ಅವರು ಹುಡುಗನ ರಕ್ತಸಂಬಂಧಿ ಆಗಿರಬಾರದು, ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವರದಾಗಿರಬಾರದು.

ಜಾಮೀನುದಾರ ಇದ್ದ ಹಾಗೆ ಅಲ್ಲೇನ್ರಿ ಅಂತ ನೀವು ಕೇಳೀರಿ. ಅರ್ಧ ಹೌದು. ಸಾಲ ಮುಳುಗಿದರೆ ಅವರು ತುಂಬುವುದಿಲ್ಲ. ಆದರೆ ಒಳಗಿನ ತತ್ವ ನಮ್ಮದೇ. ನಮ್ಮ ಸಂಘದಲ್ಲಿ ಸಾಲ ಕೇಳುವವನ ಹೊಲ ಎಲ್ಲಿದೆ, ದುಡಿಯುತ್ತಾನೋ ಇಲ್ಲವೋ ಎಂಬುದು ನೆರೆಯವನಿಗೆ ಗೊತ್ತು, ಅದಕ್ಕೇ ಸಹಿ ಅವನದು ಬೇಕು. ಯಾರೂ ಪರಿಚಯ ಇಲ್ಲದ ಊರಿಗೆ ಹೊರಟ ಹುಡುಗನಿಗೆ ಆ ಸರ್ಕಾರ ಹೇಳುವುದೂ ಇಷ್ಟೇ: ನಿನ್ನನ್ನು ಬಲ್ಲವನೊಬ್ಬನನ್ನು ಇಲ್ಲಿ ಸಂಪಾದಿಸು. ಮಾನ್ಯತೆ ಪಡೆದ ಮಾರ್ಗದರ್ಶಕರ ಪಟ್ಟಿಯನ್ನು ಅಲ್ಲಿನ ಸರ್ಕಾರಿ ಸಂಸ್ಥೆಯೇ ಬಹಿರಂಗವಾಗಿ ಇಟ್ಟಿದೆ. ಹುಡುಗ ತಾನೇ ಕೂತು ಪತ್ರ ಬರೆಯಬಹುದು. ಬರೆಯಲು ಬಾರದವನು ಅಲ್ಲಿ ಹೋಗಿ ಗಿರಾಕಿಗಳ ಹತ್ತಿರ ಹೇಗೆ ಮಾತಾಡಿಯಾನು? ಮಾರ್ಗದರ್ಶಕರಲ್ಲಿ ಕೆಲವರು ಶುಲ್ಕ ಕೇಳುತ್ತಾರೆ, ಕೆಲವರು ಪಾಲು ಕೇಳುತ್ತಾರೆ. ಕರಾರು ಪೂರ್ತಿ ಓದಿಯೇ ಸಹಿ ಮಾಡಬೇಕು.

ಇನ್ನು ಆ ಒಂದು ವರ್ಷದ ಲೆಕ್ಕ. ಹೋದ ಮೇಲೆ ಕ್ಷಯರೋಗದ ತಪಾಸಣೆ, ಮನೆ ಹುಡುಕಾಟ, ಬ್ಯಾಂಕ್ ಖಾತೆ, ಇದರಲ್ಲೇ ಎಷ್ಟೋ ದಿನ ಕಳೆಯುತ್ತವೆ. ಹಣ ಸಾಲದಾದರೆ ಸಂಜೆ ಎಲ್ಲಾದರೂ ಕೂಲಿ ಮಾಡ್ತೀನಿ ಅನ್ನುವಂತಿಲ್ಲ. ಬೇರೆಯವರ ಹತ್ತಿರ ಸಂಬಳದ ಕೆಲಸಕ್ಕೆ ಮಾಲೀಕ ಪ್ರತ್ಯೇಕ ಅನುಮತಿ ತರಬೇಕು. ವರ್ಷ ಮುಗಿದ ಮೇಲೆ ಇದೇ ಪರವಾನಗಿ ಮುಂದುವರಿಯುವುದಿಲ್ಲ. ಸ್ವಂತ ಉದ್ಯೋಗಿಯ ಪರವಾನಗಿಗೆ ಬದಲಾಗಬೇಕು. ಅದಕ್ಕೆ ಮಾರ್ಗದರ್ಶಕರ ಒಪ್ಪಿಗೆಪತ್ರವೂ ಬೇಕು, ಸಾಕಷ್ಟು ಆದಾಯವೂ ಬೇಕು. ಒಂದು ವರ್ಷದಾಗ ಬ್ಯಾಡಗಿ ಮೆಣಸಿನಕಾಯಿ ಕೈಗೆ ಬರುತ್ತದೆ, ಮಾವಿನ ಸಸಿ ಬರುವುದಿಲ್ಲ. ಹುಡುಗನ ಯೋಚನೆ ಯಾವ ಜಾತಿಯದು ಅಂತ ಮೊದಲು ಕೇಳಿ.

ದಲ್ಲಾಳಿಗಳು ಈ ಯಾವುದನ್ನೂ ಹೇಳುವುದಿಲ್ಲ. ನಮ್ಮ ಕಣ್ಣಿಗೆ ಬಿದ್ದ ಒಂದು ಕರಪತ್ರದಲ್ಲಿ ‘ಕುಟುಂಬ ಸಮೇತ ಪೌರತ್ವ ಗ್ಯಾರಂಟಿ’ ಅಂತ ದಪ್ಪಕ್ಷರದಲ್ಲಿತ್ತು. ಒಂದು ವರ್ಷದ ಕಾಗದದಲ್ಲಿ ಪೌರತ್ವದ ಗ್ಯಾರಂಟಿ ಎಲ್ಲಿಂದ ಬಂತು? ಇನ್ನೊಂದರಲ್ಲಿ ಬ್ರಿಟನ್ನಿನ ಸ್ಟಾರ್ಟ್‌ಅಪ್ ವೀಸಾ ಕೊಡಿಸುತ್ತೇವೆ ಅಂತ ಇತ್ತು. ಆ ವೀಸಾ 2019ರಲ್ಲಿ ಆರಂಭವಾಗಿ 2023ರಲ್ಲೇ ಹೊಸಬರಿಗೆ ಮುಚ್ಚಿದೆ! ಸರ್ಕಾರಗಳು ನಿಯಮ ಬದಲಿಸುತ್ತವೆ, ಕರಪತ್ರ ಬದಲಾಗುವುದಿಲ್ಲ.

ಹಾಗಂತ ಹುಡುಗರನ್ನು ಕಟ್ಟಿಹಾಕಿ ಅಂತ ನಾವು ಹೇಳುತ್ತಿಲ್ಲ. ಇಲ್ಲೇ ಒಂದು ಹಂಗಾಮು ತಮ್ಮ ಯೋಚನೆಯನ್ನು ಪರೀಕ್ಷಿಸಿ ನೋಡಲಿ. ಕರ್ನಾಟಕ ಸರ್ಕಾರವೇ 2017ರಿಂದ ‘ಎಲಿವೇಟ್’ ಯೋಜನೆಯಡಿ ಆಯ್ಕೆಯಾದ ಹೊಸ ಉದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟಿದೆ. ಅದು ಸಾಲವಲ್ಲ, ಹೊಲ ಒತ್ತೆ ಇಡಬೇಕಿಲ್ಲ. ಅಷ್ಟಾದ ಮೇಲೂ ಹೋಗುವವನು ಹೋಗಲಿ, ಕಂಪನಿಗೆ ಕಳಿಸುವ ಹಣ ಮಾತ್ರ ಬ್ಯಾಂಕಿನ ಮೂಲಕವೇ ಹೋಗಲಿ. ಹೊರದೇಶದಲ್ಲಿ ಬಂಡವಾಳ ಹೂಡಲು 2022ರ ನಿಯಮಗಳಿವೆ.

ಆಡಳಿತ ಮಂಡಳಿಗೆ ನಮ್ಮದೊಂದು ವಿನಂತಿ. ಇಂಥ ಕಾರಣಕ್ಕೆ ಯಾರಾದರೂ ಹೊಲದ ಮೇಲೆ ಸಾಲ ಕೇಳಿ ಬಂದರೆ, ಮಾರ್ಗದರ್ಶಕರ ಸಹಿ ಇರುವ ಕರಾರುಪತ್ರ ತಂದಿದ್ದಾರೆಯೇ ಅಂತ ಮೊದಲು ನೋಡಿರಿ. ದಲ್ಲಾಳಿಯ ರಸೀದಿ ತೋರಿಸಿದರೆ ಅರ್ಜಿ ವಾಪಸು ಕೊಡಿ. ಮನೆಯ ಹೆಣ್ಣುಮಕ್ಕಳನ್ನೂ ಕರೆಸಿ, ಬೋಜಾ ಅಂದರೆ ಏನೆಂದು ಅವರೆದುರಿಗೇ ಓದಿ ಹೇಳಿರಿ. ಈ ನಿಯಮಗಳನ್ನು ಕನ್ನಡದಲ್ಲಿ ಬರೆದು ತಂದಿದ್ದೇವೆ, ಕಾರ್ಯದರ್ಶಿಗಳ ಹತ್ತಿರ ಇಟ್ಟು ಹೋಗುತ್ತೇವೆ. ಬೇಕಾದವರು ಕಚೇರಿ ವೇಳೆಯಲ್ಲಿ ಬಂದು ನೋಡಬಹುದು.