ಗಾಳಿ ಎಲ್ಲಿ ಎಳೀತಿದೆ ನೋಡಿ ಸಾರ್



ದಿನಾ ರಾತ್ರಿ ಇಲ್ಲಿ ಕೂತು ನಾನು ಬೇರೆಯವರಿಂದ ಉತ್ತರ ಕೇಳ್ತೀನಿ. ಮಂತ್ರಿಗಳು ಉತ್ತರ ಕೊಡಿ, ಅಧಿಕಾರಿಗಳು ಉತ್ತರ ಕೊಡಿ, ತಪ್ಪಾಗಿದ್ರೆ ಕ್ಷಮೆ ಕೇಳಿ ಅಂತೀನಿ. ಇವತ್ತು ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು. ಅದು ನಡೆದಿದ್ದು ಸ್ಟುಡಿಯೋದಲ್ಲಿ ಅಲ್ಲ, ಹಾಸನದ ನಮ್ಮ ಮನೆಯ ಶೆಡ್ಡಿನಲ್ಲಿ, ಒಂದು ಮಾರುತಿ 800 ಕಾರಿನ ಬಾನೆಟ್ ಕೆಳಗೆ.

ಮಾರುತಿ 800 ಅಂದ್ರೆ ಹೆಚ್ಚು ಹೇಳಬೇಕಾಗಿಲ್ಲ ಅಲ್ವಾ? 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗ್ರಾಹಕರ ಕೈಗೆ ಕೀಲಿ ಕೊಟ್ಟರು. 2014ರಲ್ಲಿ ಉತ್ಪಾದನೆ ನಿಂತಿತು. ಈ ಮೂವತ್ತು ವರ್ಷದಲ್ಲಿ ಎಷ್ಟೋ ಮಧ್ಯಮ ವರ್ಗದ ಮನೆಗಳು ಸ್ಕೂಟರಿನಿಂದ ಕಾರಿಗೆ ಬಡ್ತಿ ಪಡೆದಿದ್ದು ಇದರಿಂದಲೇ. ನಮ್ಮಪ್ಪ ಮೇಷ್ಟ್ರು. ಸಾಲ ಮಾಡಿ 1998ರಲ್ಲಿ ತಗೊಂಡರು. ಮೂರು ಸಿಲಿಂಡರ್, 796 ಸಿಸಿ, ಕಾರ್ಬ್ಯುರೇಟರ್ ಇಂಜಿನ್. ಅಕ್ಕನ ಮದುವೆ ದಿಬ್ಬಣಕ್ಕೆ ಹೋಗಿದ್ದು ಅದರಲ್ಲೇ, ನನ್ನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸೋಕೆ ಹಾಸಿಗೆ ಸುತ್ತಿಕೊಂಡು ಬಂದಿದ್ದೂ ಅದರಲ್ಲೇ.

2023ಕ್ಕೆ ಅದರ ಆರ್‌ಸಿ ಮತ್ತೆ ನವೀಕರಿಸಬೇಕಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಜೊತೆಗೆ ಹಸಿರು ತೆರಿಗೆ, ವಿಮೆ, ಎಮಿಷನ್ ಟೆಸ್ಟ್. ಅಷ್ಟು ಹೊತ್ತಿಗೆ ಗಾಡಿ ನಿಂತಲ್ಲಿ ನಿಲ್ತಾ ಇರಲಿಲ್ಲ. ಆಕ್ಸಿಲರೇಟರಿಂದ ಕಾಲು ತೆಗೆದ ಕೂಡಲೇ ಇಂಜಿನ್ ನಡುಗಿ ಆಫ್ ಆಗ್ತಿತ್ತು. ಅಪ್ಪ ಹೇಳಿದರು: "ಸಾಕು ಬಿಡೋ, ಗುಜರಿಗೆ ಹಾಕೋಣ."

ಇಲ್ಲೊಂದು ಮಾತು ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ನಮಗೆ ಬರೋ ಫೋನ್‌ಗಳಲ್ಲಿ ಈ ಗೊಂದಲ ತುಂಬಾ ಇದೆ. ಹದಿನೈದು ವರ್ಷ ಆದ ತಕ್ಷಣ ಕರ್ನಾಟಕದಲ್ಲಿ ನಿಮ್ಮ ಖಾಸಗಿ ಕಾರನ್ನ ಯಾರೂ ಎಳ್ಕೊಂಡು ಹೋಗಲ್ಲ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಅನ್ನೋ ಲೆಕ್ಕ ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ ಅಂತ ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟ್ ಆದೇಶಗಳಿಂದ ಬಂದದ್ದು. ನಮ್ಮಲ್ಲಿ ಕೇಳೋದು ಗಾಡಿ ರಸ್ತೆಗೆ ಯೋಗ್ಯವಾಗಿದೆಯಾ ಅನ್ನೋದನ್ನ.

ಹಾಗಾಗಿ ನಾನಂದೆ, "ಒಂದು ತಿಂಗಳು ಟೈಮ್ ಕೊಡಿ ಅಪ್ಪ, ನಾನೇ ರಿಪೇರಿ ಮಾಡ್ತೀನಿ." ಅಪ್ಪ ನಕ್ಕರು. "ಸ್ಪ್ಯಾನರ್ ಹಿಡಿದಿದೀಯೇನೋ ಯಾವತ್ತಾದ್ರೂ?"

ಪ್ರಶ್ನೆ ಸರಿಯಾಗೇ ಇತ್ತು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವೀಧರ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಹೆಚ್ಚುಕಮ್ಮಿ 14.7 ಕೆಜಿ ಗಾಳಿ ಬೇಕು ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು. ಆದರೆ ಆ ಗಾಳಿ ಒಂದು ನಿಜವಾದ ಇಂಜಿನ್ ಒಳಗೆ ಯಾವ ದಾರೀಲಿ ಹೋಗುತ್ತೆ ಅಂತ ಕೈಯಲ್ಲಿ ಮುಟ್ಟಿ ನೋಡಿರಲಿಲ್ಲ.

ವಾರದ ರಜೆ ಬಂದಾಗೆಲ್ಲ ಹಾಸನಕ್ಕೆ ಓಡಿದೆ. ಇಂಜಿನ್ ಆಯಿಲ್ ಬದಲಾಯಿಸಿದೆ, ಮೂರು ಲೀಟರ್ ಸಾಕು ಅದಕ್ಕೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಹೊಸ ಫಿಲ್ಟರ್ ಹಾಕಿದೆ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಬೂಷ್ಟನ್ನ ಬಿಸಿನೀರು ಹಾಕಿ ತೊಳೆದೆ. ಉಗುರಿನ ಸಂದಿಯಲ್ಲಿ ಆಯಿಲ್ ಇಟ್ಕೊಂಡೇ ಸೋಮವಾರ ಸ್ಟುಡಿಯೋಗೆ ಬಂದೆ. ಕೈ ಕ್ಯಾಮೆರಾಗೆ ಕಾಣದ ಹಾಗೆ ಕೂರಿಸಿದರು!

ಆದರೆ ಇಂಜಿನ್ ನಡುಕ ಹೋಗಲಿಲ್ಲ. ಬದಲಿಗೆ ಜಾಸ್ತಿ ಆಯ್ತು.

ನಾನೇನು ಮಾಡಿದೆ ಗೊತ್ತಾ? ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚು ಹೋಗೋ ಹಾಗೆ ಮಾಡಿದೆ. ಇಂಜಿನ್ ಹೇಗೋ ನಿಂತಿತು. ಗೆದ್ದೆ ಅಂತ ಎಮಿಷನ್ ಟೆಸ್ಟಿಗೆ ಹೋದೆ. ನಮ್ಮ ಕಾಲದ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡಾ 3. ನಮ್ಮದು 5 ದಾಟಿತ್ತು. ಫೇಲ್.

ಸಿಟ್ಟು ಬಂತು. ಯಾರ ಮೇಲೆ? ನಮ್ಮ ಬೀದಿ ತಿರುವಿನ ಮೆಕ್ಯಾನಿಕ್ ಮೇಲೆ. ಇಪ್ಪತ್ತು ವರ್ಷದಿಂದ ಅಪ್ಪನ ಗಾಡಿ ನೋಡ್ತಾ ಬಂದ ಮನುಷ್ಯ. ಮೂರು ತಿಂಗಳ ಹಿಂದೆ ಕಾರ್ಬ್ಯುರೇಟರ್ ಕ್ಲೀನ್ ಮಾಡಿದ್ದು ಅವರೇ. ಅಂದ್ಮೇಲೆ ಕೆಡಿಸಿದ್ದೂ ಅವರೇ. ನನ್ನ ತೀರ್ಪು ರೆಡಿ! ಸೀದಾ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೆ, ಟೀವೀಲಿ ಮಾತಾಡೋ ದನೀಲೇ ಕೇಳಿದೆ: "ದುಡ್ಡು ತಗೊಂಡು ಏನ್ ಕೆಲಸ ಮಾಡಿದ್ದೀರಿ ನೀವು?"

ಅವರು ಕೈ ಒರೆಸ್ಕೊಂಡು ಒಂದೇ ಮಾತು ಹೇಳಿದರು. "ಗಾಳಿ ಎಲ್ಲಿ ಎಳೀತಿದೆ ನೋಡಿ ಸಾರ್." ಮುಂದೆ ಏನೋ ಹೇಳೋಕೆ ಹೊರಟಿದ್ದರು. ನಾನು ಬಿಡಲಿಲ್ಲ. ಡಿಬೇಟ್‌ನಲ್ಲಿ ಅತಿಥಿಗಳ ಮಾತು ಹೇಗೆ ತುಂಡು ಮಾಡ್ತೀನೋ ಹಾಗೇ ತುಂಡು ಮಾಡಿ ಎದ್ದು ಬಂದೆ.

ಜೆ.ಸಿ. ರಸ್ತೆಯಿಂದ ಕಾರ್ಬ್ಯುರೇಟರ್ ರಿಪೇರಿ ಕಿಟ್ ತಂದು ಹಾಕಿದೆ. ಅದೇ ನಡುಕ. ಕೊನೆಗೆ, ಬೇರೆ ದಾರಿ ಇಲ್ಲದೆ, ಇಂಜಿನಿಯರ್ ಮಾಡಬೇಕಾದ ಕೆಲಸ ಮಾಡಿದೆ: ಊಹೆ ಬಿಟ್ಟು ನೋಡಿದೆ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪೇಪರ್ ಮೇಲೆ ಸಾಲಾಗಿ ಇಟ್ಟೆ. ಎರಡು ಮಸಿ ಹಿಡಿದು ಕಪ್ಪಾಗಿದ್ದವು, ಒಂದು ಮಾತ್ರ ಬೆಳ್ಳಗಿತ್ತು. ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ, ಬಿಳಿ ಅಂದ್ರೆ ಗಾಳಿ ಜಾಸ್ತಿ. ಒಂದೇ ಕಾರ್ಬ್ಯುರೇಟರ್ ಮೂರಕ್ಕೂ ಊಟ ಬಡಿಸ್ತಿದೆ, ಒಬ್ಬನಿಗೆ ಮಾತ್ರ ಯಾಕೆ ಬೇರೆ? ಎಲ್ಲೋ ಕಳ್ಳದಾರೀಲಿ ಗಾಳಿ ನುಗ್ಗುತ್ತಿದೆ!

ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ ಕಿವಿ ಕೊಟ್ಟೆ. ಇಂಜಿನ್ ಹಿಂಬದಿಯಲ್ಲಿ 'ಸುಯ್' ಅಂತ ಸಣ್ಣ ಸದ್ದು. ಪೆನ್ಸಿಲ್ ದಪ್ಪದ ಒಂದು ರಬ್ಬರ್ ಪೈಪ್ ಕಳಚಿ ನೇತಾಡ್ತಿತ್ತು. ಅದು ಕೂರಬೇಕಾದ ತೂತಿನ ಮೇಲೆ ಬೆರಳಿಟ್ಟೆ. ನಡುಕ ನಿಂತೇಹೋಯ್ತು.

ವೀಕ್ಷಕರೇ, ಆ ಪೈಪ್ ಕಳಚಿದ್ದು ಯಾರು? ನಾನೇ. ಏರ್ ಫಿಲ್ಟರ್ ಡಬ್ಬಿ ಎತ್ತುವಾಗ ಕಿತ್ತು ಬಂದಿತ್ತು. ನಡುಕ ಜಾಸ್ತಿ ಆದದ್ದು ಅವತ್ತಿಂದಲೇ. ಮೊದಲಿದ್ದ ನಡುಕಕ್ಕೂ ಕಾರಣ ಅದೇ ಪೈಪು. ತುದಿ ಬಿರುಕು ಬಿಟ್ಟು ಸಡಿಲ ಆಗಿತ್ತು. ಹೊಸ ಪೈಪಿಗೆ ನೂರು ರೂಪಾಯಿ ಕೂಡ ಆಗಲಿಲ್ಲ. ಸ್ಕ್ರೂ ವಾಪಸ್ ಮೊದಲಿನ ಜಾಗಕ್ಕೆ ತಂದು ಮತ್ತೆ ಟೆಸ್ಟಿಗೆ ಹೋದೆ. ಪಾಸ್.

ಅಲ್ಲಿಂದ ಸೀದಾ ಗ್ಯಾರೇಜಿಗೆ ಹೋದೆ. ಅವತ್ತು ನಾಲ್ಕು ಜನರ ಎದುರಿಗೆ ಬೈದಿದ್ದೆ, ಹಾಗಾಗಿ ಗಿರಾಕಿಗಳು ಇರೋ ಹೊತ್ತು ನೋಡ್ಕೊಂಡೇ ಹೋದೆ. "ತಪ್ಪು ನಂದು ಅಣ್ಣ, ಕ್ಷಮಿಸಿ" ಅಂದೆ. ಅವರು ಕಾರಿನ ಹತ್ತಿರ ಬಂದು, ಬಾನೆಟ್ ಎತ್ತಿ, ಆ ಪೈಪನ್ನ ಎಳೆದು ನೋಡಿ ಹೇಳಿದರು: "ಕ್ಲಿಪ್ ಹಾಕಿಲ್ಲ ಸಾರ್, ಮತ್ತೆ ಬಿಚ್ಚುತ್ತೆ." ತಾವೇ ಒಂದು ಕ್ಲಿಪ್ ಹಾಕಿದರು. ದುಡ್ಡು ತಗೊಳ್ಳಲಿಲ್ಲ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಆ ಕಾರಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೆದ್ದಾರಿಗೆ ನಾವು ಅದನ್ನ ಒಯ್ಯಲ್ಲ. ಮನೇಲಿ ರಿಪೇರಿ ಮಾಡೋ ಹುಡುಗರಿಗೂ ಒಂದು ಕಿವಿಮಾತು. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಬಾಗಿಲು ಮುಚ್ಚಿದ ಶೆಡ್ಡಲ್ಲಿ ಇಂಜಿನ್ ಓಡಿಸಬೇಡಿ, ಆ ಹೊಗೆ ಜೀವ ತೆಗೆಯುತ್ತೆ. ಹಳೆ ಆಯಿಲನ್ನ ಮೋರಿಗೆ ಸುರೀಬೇಡಿ. ಬ್ರೇಕ್, ಸ್ಟೀರಿಂಗ್ ಕೆಲಸವನ್ನ ಬಲ್ಲವರಿಗೇ ಬಿಡಿ. ನಾನೂ ಬಿಟ್ಟಿದ್ದೀನಿ, ಅದೇ ಅಣ್ಣನಿಗೆ.

ಆ ಶೆಡ್ಡಿನಲ್ಲಿ ನಾನು ಕಲಿತದ್ದು ಕಾರು ರಿಪೇರಿ ಸ್ವಲ್ಪ. ಉಳಿದದ್ದು ನನ್ನ ಕೆಲಸದ ಬಗ್ಗೆ. ಇಂಜಿನ್ ಎದುರು ಜೋರಾಗಿ ಕಿರುಚಿದ್ರೆ ಅದು ಒಪ್ಪಿಕೊಳ್ಳಲ್ಲ, ತಪ್ಪು ತೀರ್ಪು ಕೊಟ್ಟರೆ ಮತ್ತೆ ನಡುಗಿ ತೋರಿಸುತ್ತೆ. ಮನುಷ್ಯರು ಹಾಗಲ್ಲ. ನಾಲ್ಕು ಜನರೆದುರು ಬೈಸಿಕೊಂಡವರು ಎಷ್ಟೋ ಸಲ ಸುಮ್ಮನೆ ಕೈ ಒರೆಸ್ಕೊಂಡು ಒಳಗೆ ಹೋಗಿಬಿಡ್ತಾರೆ. ಆ ಮೌನವನ್ನ ನಾವು ತಪ್ಪೊಪ್ಪಿಗೆ ಅಂದ್ಕೊಳ್ತೀವಿ.

ನಾಳೆ ರಾತ್ರಿ ಡಿಬೇಟ್‌ನಲ್ಲಿ ನಾನು ಮತ್ತೆ ಯಾರ ಮಾತನ್ನಾದರೂ ಅರ್ಧಕ್ಕೆ ತುಂಡು ಮಾಡಿದ್ರೆ, ಕಾಮೆಂಟಲ್ಲಿ ಒಂದೇ ಸಾಲು ಬರೀರಿ: ಗಾಳಿ ಎಲ್ಲಿ ಎಳೀತಿದೆ ನೋಡಿ ಸಾರ್. ನನಗೆ ಅರ್ಥ ಆಗುತ್ತೆ.